ಅಂಪೈರ್ ತಪ್ಪೋ, ಮ್ಯಾನೇಜರ್ ತಪ್ಪೋ: ಬೇಸ್‌ಬಾಲ್ ಪ್ಲೇಆಫ್‌ಗಳ ಮುಗಿಯದ ವಾದ

ಅಮೆರಿಕದಲ್ಲಿ ಅಕ್ಟೋಬರ್ ಎಂದರೆ ಬೇಸ್‌ಬಾಲ್ ಪ್ಲೇಆಫ್‌ಗಳ ತಿಂಗಳು. ಅದಕ್ಕೆ ಮುನ್ನ ಸುಮಾರು ಆರು ತಿಂಗಳ ಕಾಲ ಪ್ರತಿ ತಂಡವೂ 162 ಪಂದ್ಯಗಳನ್ನು ಆಡಿರುತ್ತದೆ. ಅಷ್ಟು ಪಂದ್ಯಗಳ ನಡುವೆ ಅಂಪೈರ್ ಒಮ್ಮೆ ಎಡವಿದರೂ, ಮ್ಯಾನೇಜರ್ ಒಮ್ಮೆ ತಪ್ಪು ಲೆಕ್ಕ ಹಾಕಿದರೂ ಮರುದಿನದ ಪಂದ್ಯ ಅದನ್ನು ಮರೆಸಿಬಿಡುತ್ತದೆ. ಪ್ಲೇಆಫ್‌ನಲ್ಲಿ ಹಾಗಲ್ಲ. ಸೋತ ತಂಡಕ್ಕೆ ಮರುದಿನವೇ ಇಲ್ಲದಿರಬಹುದು. ಆದ್ದರಿಂದಲೇ ಅಕ್ಟೋಬರ್‌ನ ಒಂದು ತೀರ್ಪು, ಒಂದು ಬದಲಾವಣೆ ಅಭಿಮಾನಿಗಳ ನಾಲಿಗೆಯ ಮೇಲೆ ದಶಕಗಳ ಕಾಲ ಉಳಿಯುತ್ತದೆ. ಸೇಂಟ್ ಲೂಯಿಸ್ ನಗರದಲ್ಲಿ 1985ರ ಮಾತು, ಬಾಸ್ಟನ್‌ನಲ್ಲಿ 2003ರ ಮಾತು, ಅಟ್ಲಾಂಟಾದಲ್ಲಿ 2012ರ ಮಾತು ಇಂದಿಗೂ ಎದ್ದರೆ ಬೇಗ ಮುಗಿಯುವುದಿಲ್ಲ.

ಈ ವಾದಗಳಲ್ಲಿ ಎರಡು ಬಗೆ. ಒಂದು ಅಂಪೈರ್ ಕುರಿತದ್ದು, ಇನ್ನೊಂದು ಮ್ಯಾನೇಜರ್ ಕುರಿತದ್ದು. ಮೇಲ್ನೋಟಕ್ಕೆ ಎರಡೂ ಒಂದೇ ರೀತಿಯ ಸಿಟ್ಟಿನಂತೆ ಕಂಡರೂ ಒಳಗಿನ ಸ್ವರೂಪ ಬೇರೆ. ಅಂಪೈರ್ ನೀಡಿದ ತೀರ್ಪು ಸರಿಯೋ ತಪ್ಪೋ ಎಂಬುದನ್ನು ಕ್ಯಾಮೆರಾ ತೋರಿಸಿಕೊಡಬಲ್ಲದು. ಮ್ಯಾನೇಜರ್ ಕೈಗೊಂಡ ನಿರ್ಧಾರ ಸರಿಯೋ ತಪ್ಪೋ ಎಂಬುದನ್ನು ತೋರಿಸುವ ಯಂತ್ರ ಇಲ್ಲ. ಅವನು ಬಿಟ್ಟ ದಾರಿಯಲ್ಲಿ ಏನಾಗುತ್ತಿತ್ತು ಎಂಬುದನ್ನು ಕಂಡವರೂ ಇಲ್ಲ.

ಆಟದ ಒಂದೆರಡು ಸಂಗತಿ

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಅಂಪೈರ್ ಅಪರಿಚಿತನಲ್ಲ. ಆದರೆ ಅವನ ಕೆಲಸ ಹೆಚ್ಚು. ಪಿಚರ್ ಎಸೆಯುವ, ಬ್ಯಾಟರ್ ಬೀಸದೆ ಬಿಟ್ಟ ಪ್ರತಿ ಚೆಂಡಿಗೂ ಹೋಮ್ ಪ್ಲೇಟ್‌ನ ಹಿಂದೆ ನಿಂತ ಅಂಪೈರ್ ತೀರ್ಪು ಕೊಡಲೇಬೇಕು. 17 ಅಂಗುಲ ಅಗಲದ ಪ್ಲೇಟ್‌ನ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯ ಕೆಳಭಾಗದವರೆಗೆ ಒಂದು ಕಾಲ್ಪನಿಕ ಚೌಕಟ್ಟು ಇದೆ. ಚೆಂಡು ಅದರ ಮೂಲಕ ಹಾದರೆ ಸ್ಟ್ರೈಕ್, ಇಲ್ಲವಾದರೆ ಬಾಲ್. ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್, ನಾಲ್ಕು ಬಾಲ್‌ಗೆ ಅವನಿಗೆ ಮೊದಲ ಬೇಸ್ ಪುಕ್ಕಟೆ. ಬೇಸ್‌ಗಳ ಬಳಿ ನಿಲ್ಲುವ ಅಂಪೈರ್‌ಗಳು ಓಟಗಾರ ಮೊದಲು ಮುಟ್ಟಿದನೋ, ಚೆಂಡು ಮೊದಲು ಬಂದಿತೋ ಎಂಬುದನ್ನು ನಿರ್ಧರಿಸುತ್ತಾರೆ. ಸಾಮಾನ್ಯ ಪಂದ್ಯಗಳಲ್ಲಿ ನಾಲ್ವರು ಅಂಪೈರ್‌ಗಳಿದ್ದರೆ ಪ್ಲೇಆಫ್‌ನಲ್ಲಿ ಆರು ಮಂದಿ.

ಮ್ಯಾನೇಜರ್ ಎಂದರೆ ಕಚೇರಿಯ ಅಧಿಕಾರಿಯಲ್ಲ. ತಂಡದ ಸಮವಸ್ತ್ರವನ್ನೇ ತೊಟ್ಟು ಮೈದಾನದ ಅಂಚಿನ ಡಗ್‌ಔಟ್‌ನಲ್ಲಿ ಕೂರುವ, ಕ್ರಿಕೆಟ್‌ನಲ್ಲಿ ನಾಯಕನೂ ಕೋಚೂ ಹಂಚಿಕೊಳ್ಳುವ ಅಧಿಕಾರವನ್ನು ಒಬ್ಬನೇ ಹೊಂದಿರುವ ವ್ಯಕ್ತಿ. ಅವನ ಅತಿ ಕಠಿಣ ಕೆಲಸ ಪಿಚರ್‌ನನ್ನು ಬದಲಿಸುವುದು. ಕ್ರಿಕೆಟ್‌ನಲ್ಲಿ ಬೌಲರ್‌ನ ಕೈಯಿಂದ ಚೆಂಡು ತೆಗೆದುಕೊಂಡ ನಾಯಕ ಐದು ಓವರ್ ಬಿಟ್ಟು ಮತ್ತೆ ಅವನಿಗೇ ಕೊಡಬಹುದು. ಬೇಸ್‌ಬಾಲ್‌ನಲ್ಲಿ ಹೊರಬಂದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ. ಬದಲಿ ಪಿಚರ್‌ಗಳು ಕಾಯುತ್ತ ಕೂರುವ ಜಾಗಕ್ಕೆ ಬುಲ್‌ಪೆನ್ ಎನ್ನುತ್ತಾರೆ. ಅಲ್ಲಿಗೆ ಮ್ಯಾನೇಜರ್ ಮಾಡುವ ದೂರವಾಣಿ ಕರೆಯೇ ಮರುದಿನದ ಪತ್ರಿಕೆಗಳ ತಲೆಬರಹವಾಗಬಹುದು.

ಕಾನ್ಸಾಸ್ ಸಿಟಿಯ ಮೊದಲ ಬೇಸ್

1985ರ ಅಕ್ಟೋಬರ್ 26. ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಏಳು ಪಂದ್ಯಗಳ ಸರಣಿಯಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ 3-2ರಿಂದ ಮುಂದಿತ್ತು. ಆತಿಥೇಯ ಕಾನ್ಸಾಸ್ ಸಿಟಿ ರಾಯಲ್ಸ್ ಒಂಬತ್ತನೇ ಹಾಗೂ ಕೊನೆಯ ಇನ್ನಿಂಗ್ಸ್‌ನಲ್ಲಿ 0-1ರಿಂದ ಹಿಂದಿತ್ತು. ಇನ್ನು ಮೂರು ಔಟ್ ಪಡೆದರೆ ಕಾರ್ಡಿನಲ್ಸ್ ಚಾಂಪಿಯನ್.

ಮೊದಲ ಬ್ಯಾಟರ್ ಹೋರ್ಹೆ ಓರ್ಟಾ ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ ಓಡಿದರು. ಜ್ಯಾಕ್ ಕ್ಲಾರ್ಕ್ ಅದನ್ನು ಹಿಡಿದು, ಮೊದಲ ಬೇಸ್‌ಗೆ ಓಡಿಬಂದ ಪಿಚರ್ ಟಾಡ್ ವೊರೆಲ್ ಕೈಗೆ ಎಸೆದರು. ಓರ್ಟಾ ಕಾಲಿಡುವ ಮುನ್ನವೇ ಚೆಂಡು ಗ್ಲೌಸ್ ಸೇರಿತ್ತು. ಅಂಪೈರ್ ಡಾನ್ ಡೆಂಕಿಂಜರ್ ಮಾತ್ರ ಎರಡೂ ಕೈ ಅಗಲಿಸಿ ಸೇಫ್ ಎಂದು ಘೋಷಿಸಿದರು. ಟಿವಿಯ ಮರುಪ್ರಸಾರ ನೋಡಿದ ಯಾರಿಗೂ ಅನುಮಾನ ಉಳಿಯಲಿಲ್ಲ. ಅಂದಿನ ನಿಯಮದಲ್ಲಿ ಮರುಪ್ರಸಾರಕ್ಕೆ ಬೆಲೆ ಇರಲಿಲ್ಲ. ವೊರೆಲ್ ಎತ್ತರದ ಆಳು, ಚೆಂಡೂ ಮೇಲೆ ಬಂದಿತ್ತು. ಕಾಲನ್ನೂ ಗ್ಲೌಸನ್ನೂ ಒಟ್ಟಿಗೆ ನೋಡಲಾಗಲಿಲ್ಲ, ಜನರ ಗದ್ದಲದಲ್ಲಿ ಚೆಂಡು ಗ್ಲೌಸ್‌ಗೆ ಬಿದ್ದ ಸದ್ದೂ ಕೇಳಲಿಲ್ಲ ಎಂಬುದು ಡೆಂಕಿಂಜರ್ ನಂತರ ಕೊಟ್ಟ ವಿವರಣೆ. ತಾವು ತಪ್ಪಿದ್ದು ಅವರಿಗೆ ಖಚಿತವಾದದ್ದು ಪಂದ್ಯ ಮುಗಿದ ಮೇಲೆ, ಬೇಸ್‌ಬಾಲ್ ಕಮಿಷನರ್ ಪೀಟರ್ ಯೂಬರಾತ್ ಅವರನ್ನು ಕೇಳಿದಾಗ.

ಸೇಂಟ್ ಲೂಯಿಸ್ ಅಭಿಮಾನಿಗಳ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಪಂದ್ಯ ಅಲ್ಲಿಗೆ ನಿಂತಿರಲಿಲ್ಲ. ಮುಂದಿನ ಬ್ಯಾಟರ್ ಸ್ಟೀವ್ ಬಾಲ್ಬೋನಿ ಎತ್ತರಕ್ಕೆ ಹೊಡೆದ ಫೌಲ್ ಚೆಂಡು ಕ್ಲಾರ್ಕ್ ಹಿಡಿಯಬಹುದಾಗಿದ್ದ ಕ್ಯಾಚ್, ಅವರು ಹಿಡಿಯಲಿಲ್ಲ. ಜೀವದಾನ ಪಡೆದ ಬಾಲ್ಬೋನಿ ಮರುಕ್ಷಣವೇ ಹೊಡೆದು ಬೇಸ್ ಸೇರಿದರು. ಆಮೇಲೆ ಓರ್ಟಾ ಮೂರನೇ ಬೇಸ್‌ನಲ್ಲಿ ಔಟಾದರು. ಅಂದರೆ ಅಂಪೈರ್ ಉಳಿಸಿದ ಓಟಗಾರ ರನ್ ಗಳಿಸಲೇ ಇಲ್ಲ. ಬಳಿಕ ಕ್ಯಾಚರ್ ಡ್ಯಾರೆಲ್ ಪೋರ್ಟರ್ ಚೆಂಡು ಬಿಟ್ಟು ಓಟಗಾರರನ್ನು ಮುಂದಕ್ಕೆ ಕಳಿಸಿದರು. ಬೇಸ್‌ಗಳೆಲ್ಲ ತುಂಬಿದಾಗ ಡೇನ್ ಓರ್ಗ್ ಹೊಡೆತಕ್ಕೆ ಎರಡು ರನ್ ಬಂದವು. ರಾಯಲ್ಸ್‌ಗೆ 2-1ರ ಜಯ.

ಮರುದಿನದ ಏಳನೇ ಪಂದ್ಯದಲ್ಲಿ ಹೋಮ್ ಪ್ಲೇಟ್ ಹಿಂದೆ ನಿಲ್ಲುವ ಸರದಿ ಅದೇ ಡೆಂಕಿಂಜರ್ ಅವರದು. ಕಾರ್ಡಿನಲ್ಸ್ 0-11ರಿಂದ ಸೋತಿತು. ಮ್ಯಾನೇಜರ್ ವೈಟಿ ಹರ್ಜಾಗ್ ಹಾಗೂ ಪಿಚರ್ ಹ್ವಾಕಿನ್ ಆಂಡುಹಾರ್ ಅಂಪೈರ್ ಜತೆ ಜಗಳವಾಡಿ ಮೈದಾನದಿಂದ ಹೊರಹಾಕಿಸಿಕೊಂಡರು. ಏಳು ಪಂದ್ಯಗಳಲ್ಲಿ ಸೇಂಟ್ ಲೂಯಿಸ್ ತಂಡ ಗಳಿಸಿದ ಒಟ್ಟು ರನ್ 13. ಈ ಲೆಕ್ಕವನ್ನು ಮುಂದಿಟ್ಟರೆ ಕಾರ್ಡಿನಲ್ಸ್ ಅಭಿಮಾನಿಯ ಉತ್ತರ ಸಿದ್ಧವಿದೆ: ಆ ಔಟ್ ಕೊಟ್ಟಿದ್ದರೆ ಉಳಿದದ್ದು ಯಾವುದೂ ನಡೆಯುತ್ತಲೇ ಇರಲಿಲ್ಲ. ತರ್ಕಕ್ಕೆ ಅದೂ ನಿಲ್ಲುತ್ತದೆ. ಆದರೆ ಸಿಟ್ಟು ತರ್ಕದ ಮಿತಿಯಲ್ಲಿ ಉಳಿಯಲಿಲ್ಲ. ಡೆಂಕಿಂಜರ್ ಅವರ ವಿಳಾಸ, ದೂರವಾಣಿ ಸಂಖ್ಯೆಗಳು ಸೇಂಟ್ ಲೂಯಿಸ್ ರೇಡಿಯೋದಲ್ಲಿ ಪ್ರಸಾರವಾದವು. ಬೆದರಿಕೆ ಪತ್ರಗಳು ಬಂದವು. ಒಂದು ಕ್ಷಣದ ತಪ್ಪಿಗೆ ಒಬ್ಬ ಮನುಷ್ಯನ ಮನೆಯವರೆಗೆ ಹೋದ ಈ ಕೋಪವನ್ನು ಅಭಿಮಾನ ಎನ್ನಲು ಮನಸ್ಸು ಬಾರದು.

ಡೆಂಕಿಂಜರ್ ತಪ್ಪನ್ನು ಮುಚ್ಚಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. 1991ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಪ್ಲೇಟ್ ಹಿಂದೆ ನಿಂತಿದ್ದವರು ಅವರೇ. ಆ ಪಂದ್ಯದ ಅಂಪೈರಿಂಗ್ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅವರು 2023ರಲ್ಲಿ ನಿಧನರಾದಾಗ ಬಂದ ವರದಿಗಳಲ್ಲಿ ಮೊದಲ ಸಾಲಿಗೇ ಬಂದದ್ದು 1985.

ಬೇಲಿಯ ಮೇಲಿನ ಕೈ, ಆಕಾಶಕ್ಕೆ ಎದ್ದ ಚೆಂಡು

1996ರ ಅಕ್ಟೋಬರ್ 9ರಂದು ನ್ಯೂಯಾರ್ಕಿನಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ವಿರುದ್ಧ ಯಾಂಕೀಸ್ 3-4ರಿಂದ ಹಿಂದಿದ್ದಾಗ ಡೆರೆಕ್ ಜೀಟರ್ ಹೊಡೆದ ಚೆಂಡನ್ನು, ಬೇಲಿಯಾಚೆಯಿಂದ ಕೈ ಚಾಚಿದ 12 ವರ್ಷದ ಬಾಲಕನೊಬ್ಬ ಒಳಕ್ಕೆ ಎಳೆದುಕೊಂಡ. ಕೆಳಗೆ ಕ್ಯಾಚ್‌ಗೆ ಕಾಯುತ್ತಿದ್ದ ಟೋನಿ ಟರಾಸ್ಕೊ ಬರಿಗೈಲಿ ನಿಂತರು. ಅಂಪೈರ್ ರಿಚ್ ಗಾರ್ಸಿಯಾ ಹೋಮ್ ರನ್ ಕೊಟ್ಟರು. 11ನೇ ಇನ್ನಿಂಗ್ಸ್‌ನಲ್ಲಿ ಯಾಂಕೀಸ್ 5-4ರಿಂದ ಗೆದ್ದಿತು. ಪ್ರೇಕ್ಷಕ ಅಡ್ಡಿಪಡಿಸಿದ್ದು ನಿಜವೆಂದು ಗಾರ್ಸಿಯಾ ಮರುಪ್ರಸಾರ ನೋಡಿದ ಮೇಲೆ ಒಪ್ಪಿಕೊಂಡರು. ನ್ಯೂಯಾರ್ಕಿಗೆ ಆ ಹುಡುಗ ಹೀರೊ, ಬಾಲ್ಟಿಮೋರ್‌ಗೆ ಕಳ್ಳ.

2012ರ ಅಕ್ಟೋಬರ್ 5ರ ಅಟ್ಲಾಂಟಾ ಪ್ರಕರಣ ಇನ್ನಷ್ಟು ಜಟಿಲ. ಬ್ರೇವ್ಸ್ ಮತ್ತು ಕಾರ್ಡಿನಲ್ಸ್ ನಡುವಣ ಒಂದೇ ಪಂದ್ಯದ ವೈಲ್ಡ್ ಕಾರ್ಡ್ ಹೋರಾಟ, ಸೋತವರು ಮನೆಗೆ. ಎಂಟನೇ ಇನ್ನಿಂಗ್ಸ್‌ನಲ್ಲಿ ಬ್ರೇವ್ಸ್ 3-6ರಿಂದ ಹಿಂದಿದ್ದಾಗ ಆಂಡ್ರೆಲ್ಟನ್ ಸಿಮನ್ಸ್ ಹೊಡೆದ ಚೆಂಡು ಎತ್ತರಕ್ಕೆ ಎದ್ದು ಎಡಭಾಗದ ಹುಲ್ಲಿನ ಮೇಲೆ ಬಿದ್ದಿತು. ಹಿಡಿಯಬೇಕಾಗಿದ್ದ ಪೀಟ್ ಕೊಜ್ಮಾ ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಸರಿದಿದ್ದರು. ಬೇಸ್‌ಗಳೆಲ್ಲ ತುಂಬಿದವೆಂದು ಕ್ರೀಡಾಂಗಣ ಕುಣಿದಾಡಿತು. ಆದರೆ ಎಡಗೆರೆಯ ಅಂಪೈರ್ ಸ್ಯಾಮ್ ಹಾಲ್‌ಬ್ರೂಕ್ ಅದಾಗಲೇ ಕೈ ಎತ್ತಿ ‘ಇನ್‌ಫೀಲ್ಡ್ ಫ್ಲೈ’ ಘೋಷಿಸಿದ್ದರು. ಚೆಂಡು ನೆಲಕ್ಕೆ ಬಿದ್ದರೂ ಬ್ಯಾಟರ್ ಔಟ್.

ಈ ನಿಯಮ ಹುಟ್ಟಿದ್ದು ಮೋಸ ತಡೆಯಲು. ಒಬ್ಬರಿಗಿಂತ ಹೆಚ್ಚು ಓಟಗಾರರು ಬೇಸ್‌ಗಳ ಮೇಲಿದ್ದಾಗ ಫೀಲ್ಡರ್ ಸುಲಭದ ಕ್ಯಾಚನ್ನು ಬೇಕೆಂದೇ ಬಿಟ್ಟು ಇಬ್ಬರನ್ನು ಔಟ್ ಮಾಡಬಾರದು ಎಂಬುದು ಅದರ ಉದ್ದೇಶ. ಇನ್‌ಫೀಲ್ಡ್ ಆಟಗಾರ ಸಾಮಾನ್ಯ ಪ್ರಯತ್ನದಿಂದ ಹಿಡಿಯಬಲ್ಲ ಚೆಂಡಿಗೆ ಅದು ಅನ್ವಯ. ಎಷ್ಟು ದೂರ ಹೋದ ಚೆಂಡು ಎಂಬುದಕ್ಕೆ ಗೆರೆ ಎಳೆದಿಲ್ಲ. ಆದ್ದರಿಂದ ಹಾಲ್‌ಬ್ರೂಕ್ ನಿಯಮದ ಅಕ್ಷರಕ್ಕೆ ನಿಷ್ಠರಾಗಿದ್ದರೆಂದು ಒಂದು ಪಕ್ಷ, ಅಷ್ಟು ದೂರದಲ್ಲಿ ಇಬ್ಬರನ್ನು ಔಟ್ ಮಾಡುವ ಸಾಧ್ಯತೆಯೇ ಇರಲಿಲ್ಲವಾದ್ದರಿಂದ ನಿಯಮದ ಉದ್ದೇಶಕ್ಕೇ ವಿರುದ್ಧವೆಂದು ಇನ್ನೊಂದು ಪಕ್ಷ. ಬಾಟಲಿ, ಕಸ ಮೈದಾನಕ್ಕೆ ಸುರಿದು ಆಟ 19 ನಿಮಿಷ ನಿಂತಿತು. ಬ್ರೇವ್ಸ್ ಸಲ್ಲಿಸಿದ ಆಕ್ಷೇಪಣೆ ತಿರಸ್ಕೃತವಾಯಿತು. ವಿಪರ್ಯಾಸವೆಂದರೆ, ಎಡಗೆರೆಯ ಬಳಿ ಅಂಪೈರ್ ನಿಲ್ಲುವುದೇ ಪ್ಲೇಆಫ್‌ಗಳಲ್ಲಿ. ಸಾಮಾನ್ಯ ಪಂದ್ಯದಲ್ಲಿ ಆ ಜಾಗದಲ್ಲಿ ಕೈ ಎತ್ತಲು ಯಾರೂ ಇರುವುದಿಲ್ಲ. ಬ್ರೇವ್ಸ್ ಆಟಗಾರರು ಅಂದು ಎಸೆತದಲ್ಲಿ ಮೂರು ಬಾರಿ ತಪ್ಪಿದ್ದರು ಎಂಬ ಅಂಶ ಅಟ್ಲಾಂಟಾದ ವಾದಗಳಲ್ಲಿ ಅಪರೂಪಕ್ಕೆ ಕೇಳಿಬರುತ್ತದೆ.

ಉಳಿಸಿಕೊಂಡವರು, ಹೊರಕರೆದವರು

ಈಗ ಮ್ಯಾನೇಜರ್‌ಗಳ ಸರದಿ. 2003ರ ಅಕ್ಟೋಬರ್ 16, ನ್ಯೂಯಾರ್ಕ್. ಬಾಸ್ಟನ್ ರೆಡ್ ಸಾಕ್ಸ್ 1918ರಿಂದ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. ಯಾಂಕೀಸ್ ವಿರುದ್ಧದ ಏಳನೇ ಪಂದ್ಯದಲ್ಲಿ ಗೆದ್ದರೆ ವರ್ಲ್ಡ್ ಸೀರೀಸ್‌ಗೆ ಪ್ರವೇಶ. ಎಂಟನೇ ಇನ್ನಿಂಗ್ಸ್ ಆರಂಭದಲ್ಲಿ 5-2ರ ಮುನ್ನಡೆ. ಪಿಚಿಂಗ್ ಮಾಡುತ್ತಿದ್ದವರು ಆ ಕಾಲದ ಶ್ರೇಷ್ಠರಲ್ಲಿ ಒಬ್ಬರಾದ ಪೆಡ್ರೊ ಮಾರ್ಟಿನೆಜ್. ಏಳನೇ ಇನ್ನಿಂಗ್ಸ್ ಮುಗಿಸಿ ಬರುವಾಗ ಅವರು ಆಕಾಶದತ್ತ ಬೆರಳು ತೋರಿದ್ದನ್ನು ಕಂಡ ಬಾಸ್ಟನ್ ಅಭಿಮಾನಿಗಳು, ಅವರ ಕೆಲಸ ಮುಗಿಯಿತೆಂದೇ ತಿಳಿದಿದ್ದರು.

ಮ್ಯಾನೇಜರ್ ಗ್ರೇಡಿ ಲಿಟಲ್ ಅವರನ್ನೇ ಮತ್ತೆ ಕಳಿಸಿದರು. ಒಬ್ಬ ಔಟಾದ ಮೇಲೆ ಜೀಟರ್ ಹೊಡೆದರು, ಬರ್ನಿ ವಿಲಿಯಮ್ಸ್ ಹೊಡೆದರು, 5-3 ಆಯಿತು. ಲಿಟಲ್ ಪಿಚರ್ ನಿಲ್ಲುವ ದಿಬ್ಬದವರೆಗೆ ನಡೆದು ಬಂದರು, ಮಾರ್ಟಿನೆಜ್ ಜತೆ ಮಾತನಾಡಿದರು, ಒಬ್ಬರೇ ಹಿಂದಿರುಗಿದರು. ಬುಲ್‌ಪೆನ್‌ನಲ್ಲಿ ಆ ಅಕ್ಟೋಬರ್‌ನಲ್ಲಿ ಅಮೋಘವಾಗಿ ಆಡಿದ್ದ ಪಿಚರ್‌ಗಳು ಸಿದ್ಧರಿದ್ದರು. ಹಿಡೆಕಿ ಮಾಟ್ಸುಯಿ ಹೊಡೆದರು. ಹೋರ್ಹೆ ಪೊಸಾಡಾ ಹೊಡೆದ ಚೆಂಡು ಯಾರ ಕೈಗೂ ಎಟುಕದೆ ಬಿದ್ದು ಸ್ಕೋರ್ 5-5. ಮಾರ್ಟಿನೆಜ್ ಹೊರಬರುವ ವೇಳೆಗೆ 123 ಚೆಂಡು ಎಸೆದಿದ್ದರು. 11ನೇ ಇನ್ನಿಂಗ್ಸ್‌ನಲ್ಲಿ ಆರನ್ ಬೂನ್ ಹೋಮ್ ರನ್ ಬಾರಿಸಿ ಆಟ ಮುಗಿಸಿದರು. ಅದೇ ತಿಂಗಳ ಕೊನೆಗೆ ಲಿಟಲ್ ಅವರ ಒಪ್ಪಂದವನ್ನು ನವೀಕರಿಸುವುದಿಲ್ಲವೆಂದು ರೆಡ್ ಸಾಕ್ಸ್ ಪ್ರಕಟಿಸಿತು. ಹೊಸ ಮ್ಯಾನೇಜರ್ ಜತೆ ಮರುವರ್ಷವೇ ತಂಡ ವರ್ಲ್ಡ್ ಸೀರೀಸ್ ಗೆದ್ದಿತು.

ದಣಿದ ಪಿಚರ್‌ನನ್ನು ನಂಬಿ ಉಳಿಸಿಕೊಳ್ಳಬಾರದು ಎಂಬ ಪಾಠವನ್ನು ಇಡೀ ಬೇಸ್‌ಬಾಲ್ ಇಲ್ಲಿಂದ ಕಲಿಯಿತು ಎಂದು ಹೇಳುವವರಿದ್ದಾರೆ. 17 ವರ್ಷಗಳ ಬಳಿಕ, 2020ರ ಅಕ್ಟೋಬರ್ 27ರಂದು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಟಾಂಪಾ ಬೇ ರೇಸ್ ತಂಡದ ಮ್ಯಾನೇಜರ್ ಕೆವಿನ್ ಕ್ಯಾಶ್ ಆ ಪಾಠವನ್ನು ಅಕ್ಷರಶಃ ಪಾಲಿಸಿದರು. ಲಾಸ್ ಏಂಜಲೀಸ್ ಡಾಡ್ಜರ್ಸ್ ವಿರುದ್ಧದ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ ಅದು; ರೇಸ್ 1-0ರಿಂದ ಮುಂದಿತ್ತು. ಪಿಚರ್ ಬ್ಲೇಕ್ ಸ್ನೆಲ್ ಒಂಬತ್ತು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ್ದರು. ಎಸೆದದ್ದು 73 ಚೆಂಡು ಮಾತ್ರ. ಆರನೇ ಇನ್ನಿಂಗ್ಸ್‌ನಲ್ಲಿ ಅವರ ವಿರುದ್ಧ ಪಂದ್ಯದ ಎರಡನೇ ಹಿಟ್ ಬಂದ ಕೂಡಲೇ ಕ್ಯಾಶ್ ಅವರನ್ನು ಹೊರಕ್ಕೆ ಕರೆದರು. ಒಬ್ಬ ಪಿಚರ್‌ನನ್ನು ಮೂರನೇ ಬಾರಿ ಎದುರಿಸುವಾಗ ಬ್ಯಾಟರ್‌ಗಳು ಹೆಚ್ಚು ಯಶಸ್ವಿಯಾಗುತ್ತಾರೆ ಎಂಬುದು ಅಂಕಿಸಂಖ್ಯೆ ಹೇಳುವ ಮಾತು. ಸ್ನೆಲ್ ಆ ವರ್ಷ ಯಾವ ಪಂದ್ಯದಲ್ಲೂ ಆರು ಇನ್ನಿಂಗ್ಸ್ ಪೂರೈಸಿರಲಿಲ್ಲ ಎಂಬುದೂ ನಿಜ. ಆದರೆ ಬಂದ ನಿಕ್ ಆಂಡರ್ಸನ್ ಎದುರು ಮೂಕಿ ಬೆಟ್ಸ್ ಎರಡು ಬೇಸ್‌ಗಳ ಹೊಡೆತ ಬಾರಿಸಿದರು. ಒಂದು ದಾರಿ ತಪ್ಪಿದ ಚೆಂಡಿಗೆ ಒಂದು ರನ್, ನೆಲದ ಹೊಡೆತವೊಂದಕ್ಕೆ ಇನ್ನೊಂದು. ಡಾಡ್ಜರ್ಸ್ 3-1ರಿಂದ ಗೆದ್ದು ಚಾಂಪಿಯನ್ ಆಯಿತು.

ಉಳಿಸಿಕೊಂಡ ಲಿಟಲ್ ಮೂರ್ಖರಾದರು, ಹೊರಕರೆದ ಕ್ಯಾಶ್ ಕೂಡ ಮೂರ್ಖರೆನಿಸಿದರು. ಹೃದಯ ನಂಬಿದವನಿಗೂ ಬೈಗುಳ, ಲೆಕ್ಕ ನಂಬಿದವನಿಗೂ ಬೈಗುಳ. ಕ್ಯಾಶ್ ವಿರುದ್ಧ ಹೇಳಬಹುದಾದ ಬಲವಾದ ಮಾತು ಬೇರೆಯೇ ಇದೆ ಎಂಬುದು ಈ ವರದಿಗಾರನ ಅಭಿಪ್ರಾಯ: ಸ್ನೆಲ್‌ರನ್ನು ತೆಗೆದದ್ದಕ್ಕಿಂತ, ಅದಕ್ಕೆ ಮುನ್ನ ಹಲವು ಪಂದ್ಯಗಳಲ್ಲಿ ಸತತವಾಗಿ ರನ್ ಬಿಟ್ಟುಕೊಟ್ಟಿದ್ದ ಆಂಡರ್ಸನ್‌ರನ್ನೇ ತಂದದ್ದು. ಅಭಿಮಾನಿಗಳ ವಾದದಲ್ಲಿ ಈ ಎರಡೂ ಒಂದಾಗಿಬಿಟ್ಟವು.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಡೆಂಕಿಂಜರ್ ಪ್ಲೇಟ್ ಹಿಂದೆ ನಿಂತಿದ್ದ ಆ 1991ರ ಏಳನೇ ಪಂದ್ಯ ನಡೆದದ್ದೂ ಅಕ್ಟೋಬರ್ 27ರಂದೇ. ಒಂಬತ್ತು ಇನ್ನಿಂಗ್ಸ್ ಮುಗಿದರೂ ಯಾರೂ ರನ್ ಗಳಿಸಿರಲಿಲ್ಲ. ಮಿನೆಸೋಟಾ ಟ್ವಿನ್ಸ್ ಮ್ಯಾನೇಜರ್ ಟಾಮ್ ಕೆಲಿ ತಮ್ಮ ಪಿಚರ್ ಜ್ಯಾಕ್ ಮಾರಿಸ್‌ರನ್ನು ಬದಲಿಸಲು ಹೊರಟರು. ಮಾರಿಸ್ ಒಪ್ಪಲಿಲ್ಲ. ಕೆಲಿ ಮಣಿದರು. ಮಾರಿಸ್ ಹತ್ತನೇ ಇನ್ನಿಂಗ್ಸ್ ಕೂಡ ರನ್ ಕೊಡದೆ ಮುಗಿಸಿದರು, ಟ್ವಿನ್ಸ್ 1-0ರಿಂದ ಗೆದ್ದಿತು. ಲಿಟಲ್ ಮಾಡಿದ್ದನ್ನೇ ಕೆಲಿ ಹನ್ನೆರಡು ವರ್ಷ ಮೊದಲು ಮಾಡಿದ್ದರು. ಅವರದು ದಿಟ್ಟತನ ಎನಿಸಿಕೊಂಡಿತು.

ಬಳಸದೆ ಉಳಿದ ಪಿಚರ್‌ಗಳ ಕಥೆಯೂ ಉಂಟು. 2016ರಲ್ಲಿ ಬಾಲ್ಟಿಮೋರ್‌ನ ಜ್ಯಾಕ್ ಬ್ರಿಟನ್ ಮುನ್ನಡೆ ಕಾಯುವ 47 ಅವಕಾಶಗಳಲ್ಲಿ 47ರಲ್ಲೂ ಯಶಸ್ವಿಯಾಗಿದ್ದ ಪಿಚರ್. ಟೊರಾಂಟೊದಲ್ಲಿ ನಡೆದ ವೈಲ್ಡ್ ಕಾರ್ಡ್ ಪಂದ್ಯ 11ನೇ ಇನ್ನಿಂಗ್ಸ್‌ಗೆ ಹೋದರೂ ಮ್ಯಾನೇಜರ್ ಬಕ್ ಶೋವಾಲ್ಟರ್, ಮುನ್ನಡೆ ಬಂದಾಗ ಬೇಕಾಗುತ್ತದೆಂದು ಬ್ರಿಟನ್‌ರನ್ನು ಕೂರಿಸಿಯೇ ಇಟ್ಟರು. ಎಡ್ವಿನ್ ಎನ್‌ಕಾರ್ನಾಸಿಯೋನ್ ಹೋಮ್ ರನ್‌ಗೆ ಬಾಲ್ಟಿಮೋರ್ 2-5ರಿಂದ ಸೋತಿತು. ಮುನ್ನಡೆ ಬರಲೇ ಇಲ್ಲ. ಅದೇ ಕ್ರೀಡಾಂಗಣದಲ್ಲಿ 2025ರ ಅಕ್ಟೋಬರ್ 20ರಂದು, ಒಮ್ಮೆಯೂ ವರ್ಲ್ಡ್ ಸೀರೀಸ್ ತಲುಪದ ಸಿಯಾಟಲ್ ಮ್ಯಾರಿನರ್ಸ್ 3-1ರಿಂದ ಮುಂದಿತ್ತು. ಏಳನೇ ಇನ್ನಿಂಗ್ಸ್‌ನಲ್ಲಿ ಇಬ್ಬರು ಓಟಗಾರರು ಬೇಸ್‌ಗಳ ಮೇಲಿದ್ದಾಗ ಮ್ಯಾನೇಜರ್ ಡ್ಯಾನ್ ವಿಲ್ಸನ್ ತಂಡದ ಅತ್ಯುತ್ತಮ ಬುಲ್‌ಪೆನ್ ಪಿಚರ್ ಆಂಡ್ರೆಸ್ ಮುನ್ಯೋಸ್ ಬದಲು ಎಡ್ವರ್ಡ್ ಬಜಾರ್ಡೊ ಅವರನ್ನು ಕರೆದರು. ಜಾರ್ಜ್ ಸ್ಪ್ರಿಂಗರ್ ಮೂರು ರನ್‌ಗಳ ಹೋಮ್ ರನ್ ಹೊಡೆದರು. ಟೊರಾಂಟೊಗೆ 4-3ರ ಜಯ. ಮುನ್ಯೋಸ್ ಎಂಟನೇ ಇನ್ನಿಂಗ್ಸ್‌ಗೆ ಬಂದಾಗ ಕಾಯಲು ಮುನ್ನಡೆ ಉಳಿದಿರಲಿಲ್ಲ.

ಯಂತ್ರ ಬಂದ ಮೇಲೆ

ಅಂಪೈರ್ ವಾದಕ್ಕೆ ಮದ್ದು ನಿಧಾನವಾಗಿ ಬಂದಿತು. 2008ರ ಆಗಸ್ಟ್‌ನಲ್ಲಿ ಹೋಮ್ ರನ್‌ಗಳಿಗೆ ಸೀಮಿತವಾಗಿ ವಿಡಿಯೊ ಪರಿಶೀಲನೆ ಆರಂಭವಾಯಿತು. 2014ರಿಂದ ಬೇಸ್‌ಗಳ ಬಳಿಯ ಸೇಫ್, ಔಟ್ ತೀರ್ಪುಗಳನ್ನೂ ಮ್ಯಾನೇಜರ್ ಪ್ರಶ್ನಿಸಬಹುದಾಯಿತು; ಅಂತಿಮ ನಿರ್ಣಯ ನ್ಯೂಯಾರ್ಕಿನ ಕೇಂದ್ರದಿಂದ. ಆ ವರ್ಷದ ಅಕ್ಟೋಬರ್ 29ರಂದು ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ನಡೆದದ್ದು ಕಾನ್ಸಾಸ್ ಸಿಟಿಯ ಅದೇ ಹಳೆಯ ಕ್ರೀಡಾಂಗಣದಲ್ಲಿ. ರಾಯಲ್ಸ್‌ನ ಎರಿಕ್ ಹಾಸ್ಮರ್ ಮೊದಲ ಬೇಸ್‌ನಲ್ಲಿ ಸೇಫ್ ಎಂದು ಅಂಪೈರ್ ಘೋಷಿಸಿದರು. ಸ್ಯಾನ್‌ಫ್ರಾನ್ಸಿಸ್ಕೊ ಜೈಂಟ್ಸ್ ಮ್ಯಾನೇಜರ್ ಬ್ರೂಸ್ ಬೋಚಿ ಪ್ರಶ್ನಿಸಿದರು. ವಿಡಿಯೊ ನೋಡಿ ತೀರ್ಪು ಔಟ್ ಎಂದು ಬದಲಾಯಿತು. ಜೈಂಟ್ಸ್ 3-2ರಿಂದ ಗೆದ್ದಿತು. 1985ರಲ್ಲಿ ಇಲ್ಲದ ನಿಯಮ, 29 ವರ್ಷಗಳ ಬಳಿಕ ಅದೇ ಬೇಸ್‌ನಲ್ಲಿ ಅದೇ ತಂಡಕ್ಕೆ ಬಿಸಿ ಮುಟ್ಟಿಸಿತು.

ಆದರೂ ಕ್ಯಾಮೆರಾ ಹೋಗದ ಮೂಲೆಗಳು ಉಳಿದವು. 2021ರ ಅಕ್ಟೋಬರ್ 14ರಂದು ಜೈಂಟ್ಸ್ ಡಾಡ್ಜರ್ಸ್ ಎದುರು 1-2ರಿಂದ ಹಿಂದಿದ್ದಾಗ, ಬ್ಯಾಟರ್ ವಿಲ್ಮರ್ ಫ್ಲೋರೆಸ್ ಬ್ಯಾಟ್ ಎತ್ತಿ ಅರ್ಧಕ್ಕೇ ತಡೆದರು. ಬೀಸಿದ್ದು ಪೂರ್ತಿಯಾಯಿತೆಂದು ಮೊದಲ ಬೇಸ್ ಅಂಪೈರ್ ಗೇಬ್ ಮೊರಾಲೆಸ್ ತೀರ್ಪಿತ್ತರು. ಸ್ಟ್ರೈಕ್‌ಔಟ್, ಪಂದ್ಯ ಮುಗಿಯಿತು, 107 ಪಂದ್ಯ ಗೆದ್ದಿದ್ದ ತಂಡದ ವರ್ಷವೂ ಮುಗಿಯಿತು. ಅದನ್ನು ಪರಿಶೀಲಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಬಾಲ್ ಮತ್ತು ಸ್ಟ್ರೈಕ್ ತೀರ್ಪುಗಳಿಗೂ ಯಂತ್ರದ ನೆರವು ಪಡೆಯುವ ಪದ್ಧತಿಗೆ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿ, 2026ರ ಹಂಗಾಮಿಗೆ ಅನ್ವಯವಾಯಿತು. ಅಂಪೈರ್ ಮೊದಲಿನಂತೆಯೇ ತೀರ್ಪು ಕೊಡುತ್ತಾನೆ. ಪ್ರತಿ ತಂಡಕ್ಕೂ ಎರಡು ಆಕ್ಷೇಪಣೆಯ ಅವಕಾಶ. ಆಕ್ಷೇಪಣೆ ಸರಿಯಾದರೆ ಅವಕಾಶ ಉಳಿಯುತ್ತದೆ, ತಪ್ಪಾದರೆ ಹೋಗುತ್ತದೆ. ಕೇಳುವ ಹಕ್ಕಿರುವುದು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ. ಅವರು ಕೂಡಲೇ ಟೋಪಿ ಅಥವಾ ಹೆಲ್ಮೆಟ್ ತಟ್ಟಿ ತಿಳಿಸಬೇಕು. ಡಗ್‌ಔಟ್‌ನಿಂದ ಮ್ಯಾನೇಜರ್ ಸನ್ನೆ ಮಾಡುವಂತಿಲ್ಲ.

ಇದರ ಫಲ ಏನೆಂಬುದನ್ನು ಕ್ರಿಕೆಟ್ ಪ್ರೇಮಿಗಳಿಗೆ ವಿವರಿಸಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಲೀಡ್ಸ್ ಟೆಸ್ಟ್‌ನ ಕೊನೆಯ ಗಳಿಗೆಯಲ್ಲಿ ನೇಥನ್ ಲಯನ್ ಎಸೆತಕ್ಕೆ ಬೆನ್ ಸ್ಟೋಕ್ಸ್ ಎಲ್‌ಬಿಡಬ್ಲ್ಯು ಆಗಬೇಕಿತ್ತೆಂದು ಟಿವಿ ತೋರಿಸಿತು. ಅಂಪೈರ್ ಕೊಡಲಿಲ್ಲ, ಕೇಳಲು ಆಸ್ಟ್ರೇಲಿಯಾದ ಬಳಿ ರಿವ್ಯೂ ಉಳಿದಿರಲಿಲ್ಲ. ಸ್ವಲ್ಪವೇ ಮುನ್ನ ಜ್ಯಾಕ್ ಲೀಚ್ ವಿರುದ್ಧದ ಮನವಿಗೆ ಅದನ್ನು ಸುಟ್ಟುಕೊಂಡಿತ್ತು. ಇಂಗ್ಲೆಂಡ್ ಒಂದು ವಿಕೆಟ್‌ನಿಂದ ಗೆದ್ದಿತು. ಅಂದು ಬೈಗುಳ ಬಿದ್ದದ್ದು ಅಂಪೈರ್ ಒಬ್ಬರಿಗೇ ಅಲ್ಲ, ರಿವ್ಯೂ ಪೋಲು ಮಾಡಿದ ನಾಯಕ ಟಿಮ್ ಪೇನ್ ಅವರಿಗೂ. ಬೇಸ್‌ಬಾಲ್ ಅಭಿಮಾನಿಗೂ ಇನ್ನು ಮುಂದೆ ಕೇಳಲು ಅಂಥದೇ ಪ್ರಶ್ನೆ ಸಿಕ್ಕಿದೆ: ಒಂಬತ್ತನೇ ಇನ್ನಿಂಗ್ಸ್‌ಗೆ ಉಳಿಸಬೇಕಾಗಿದ್ದ ಆಕ್ಷೇಪಣೆಯನ್ನು ಎರಡನೇ ಇನ್ನಿಂಗ್ಸ್‌ನಲ್ಲಿ ಖರ್ಚು ಮಾಡಿದವರು ಯಾರು, ಮತ್ತು ಅವರಿಗೆ ಮ್ಯಾನೇಜರ್ ಮೊದಲೇ ಏನು ಹೇಳಿ ಕಳಿಸಿದ್ದ?